ಬಿಡದ ಚಪ್ಪೆನೋವು: ಓಡುವ ಮಕ್ಕಳಿರುವ ಮನೆಗಳಿಗೆ

ಸಾಸ್ತೂರಿನ ರಸ್ತೆಗಳಲ್ಲಿ ನಸುಕಿನ ಐದು ಗಂಟೆಗೆ ಹಾಲಿನವನಿಗಿಂತ ಮೊದಲು ಕಾಣಿಸಿಕೊಳ್ಳುವವರು ಓಡುವ ಹುಡುಗ ಹುಡುಗಿಯರು. ಉಮರ್ಗಾ, ನಿಲಂಗಾ, ಉದಗೀರಗಳ ಹೊರವಲಯದ ಬಯಲುಗಳಲ್ಲಿಯೂ ಇದೇ ನೋಟ. ಇವರಲ್ಲಿ ಬಹುಮಂದಿ ಪದಕಕ್ಕಾಗಿ ಓಡುವವರಲ್ಲ, ನೌಕರಿಗಾಗಿ ಓಡುವವರು. ಮಹಾರಾಷ್ಟ್ರ ಪೊಲೀಸ್ ಶಿಪಾಯಿ ಭರತಿಯ ಮೈದಾನಿ ಪರೀಕ್ಷೆಯಲ್ಲಿ ಗಂಡುಮಕ್ಕಳಿಗೆ 1600 ಮೀಟರು, ಹೆಣ್ಣುಮಕ್ಕಳಿಗೆ 800 ಮೀಟರು ಓಟವುಂಟು. ಇಬ್ಬರಿಗೂ 100 ಮೀಟರಿನ ವೇಗದ ಓಟವೂ ಗುಂಡು ಎಸೆತವೂ ಉಂಟು. ಸೈನ್ಯಕ್ಕೆ ಸೇರಬಯಸುವವರಿಗೆ ಒಂದೂವರೆ ಕಿಲೋಮೀಟರು ಮೀರಿದ ಓಟ ಕಾದಿರುತ್ತದೆ. ಮಳೆಯನ್ನೇ ನಂಬಿದ ಒಕ್ಕಲುತನದ ಈ ಸೀಮೆಯಲ್ಲಿ ತಿಂಗಳ ಸಂಬಳದ ಒಂದು ನೌಕರಿ ಒಂದು ಮನೆತನವನ್ನೇ ಎತ್ತಿ ನಿಲ್ಲಿಸುತ್ತದೆ. ಆದ್ದರಿಂದ ಓಡುವ ಮಗುವಿನ ಕಾಲಿಗೆ ಬಂದ ನೋವು ಆ ಮಗುವಿನದಷ್ಟೇ ಆಗಿ ಉಳಿಯುವುದಿಲ್ಲ, ಇಡೀ ಮನೆಗೇ ತಾಗುತ್ತದೆ.

ಕಣಕಾಲು ಉಳುಕಿದರೆ, ಮೊಣಕಾಲು ಊದಿದರೆ ಕಣ್ಣಿಗೆ ಕಾಣುತ್ತದೆ; ಮನೆಯವರು ಒಪ್ಪಿಕೊಳ್ಳುತ್ತಾರೆ. ಚಪ್ಪೆಯ ಸ್ನಾಯುವಿನ ನೋವು ಹಾಗಲ್ಲ. ಬಾವಿಲ್ಲ, ಗಾಯವಿಲ್ಲ, ಮೇಲೆ ನೋಡಿದರೆ ಏನೂ ಇಲ್ಲ. ನಡೆಯುವಾಗ ತಡೆದುಕೊಳ್ಳಬಹುದು, ಓಡಿದರೆ ಮತ್ತೆ ಹಾಜರು. ಹದಿನೈದು ದಿನ ಬಿಟ್ಟರೆ ಹೋಯಿತೆನಿಸುತ್ತದೆ. ಓಡಿದ ಮೂರನೆಯ ದಿನಕ್ಕೆ ಹಿಂದಿಗಿಂತ ಹೆಚ್ಚಾಗಿ ಮರಳುತ್ತದೆ. ಹೀಗೆ ಬಿಡುವುದು, ಓಡುವುದು, ಮತ್ತೆ ಬಿಡುವುದು ಎಂಬ ಸುತ್ತಿನಲ್ಲಿ ಆರು ತಿಂಗಳು, ವರ್ಷ ಕಳೆಯುತ್ತವೆ. ನಮ್ಮ ಮನೆಯಲ್ಲಿಯೂ ಅಣ್ಣನ ಮಗಳೊಬ್ಬಳು ಈ ಸುತ್ತಿನಲ್ಲಿ ಸಿಲುಕಿದ್ದಳು. ಅವಳ ನೆವದಿಂದ ನಾವು ಓದಿ ಕೇಳಿ ತಿಳಿದುಕೊಂಡದ್ದನ್ನು, ಇದೇ ತೊಂದರೆಯಲ್ಲಿರುವ ಇತರ ಮನೆಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಮಾತಿನ ತೊಡಕೊಂದನ್ನು ಬಿಡಿಸಿಕೊಳ್ಳಬೇಕು. ನಮ್ಮ ಹಿರಿಯರಿಗೆ ಹೊಟ್ಟೆಯ ಕೆಳಗಿನಿಂದ ತೊಡೆಯ ಮೇಲಿನವರೆಗೆ ಎಲ್ಲವೂ 'ಟೊಂಕ'ವೇ. ದವಾಖಾನೆಗೆ ಹೋದಾಗ ಮಕ್ಕಳು ಅದನ್ನು ಮರಾಠಿಯಲ್ಲಿ 'ಕಂಬರ' ಎಂದು ಹೇಳುತ್ತಾರೆ. ಕಂಬರವೆಂದರೆ ಸೊಂಟ, ಬೆನ್ನಿನ ಕೆಳಭಾಗ. ಡಾಕ್ಟರರು ಸಹಜವಾಗಿಯೇ ಬೆನ್ನೆಲುಬನ್ನು ನೋಡುತ್ತಾರೆ, ಬೆನ್ನಿನ ಚಿತ್ರ ತೆಗೆಸುತ್ತಾರೆ, ಬೆನ್ನಿಗೆ ಪಟ್ಟಿ ಕೊಡುತ್ತಾರೆ. ನೋವಿರುವ ಜಾಗ ಮರಾಠಿಯ 'ಖುಬಾ', ಅಂದರೆ ನಮ್ಮ ಚಪ್ಪೆ. ಎರಡು ಭಾಷೆಗಳ ನಡುವೆ ಬಾಳುವವರು ಇಂಥ ಹೊತ್ತಿನಲ್ಲಿ ಶಬ್ದವನ್ನು ನಂಬದೆ, ನೋವಿನ ಜಾಗದ ಮೇಲೆ ಒಂದೇ ಬೆರಳಿಟ್ಟು ತೋರಿಸುವುದು ಲೇಸು. ಒಂದೇ ಬೆರಳು ಎಂದೆವು. ಅಂಗೈಯಿಟ್ಟು 'ಇಲ್ಲೆಲ್ಲ' ಎಂದರೆ ಅರ್ಧ ಮಾಹಿತಿ ಹೋದಂತೆಯೇ.

ಬೆರಳು ಎಲ್ಲಿ ನಿಲ್ಲುತ್ತದೆಂಬುದರಿಂದ ಬಹಳಷ್ಟು ತಿಳಿಯುತ್ತದೆ. ತೊಡೆಯ ಮೇಲ್ಭಾಗದಲ್ಲಿ, ಪಕ್ಕಕ್ಕೆ, ಎಲುಬಿನ ಉಬ್ಬೊಂದು ಕೈಗೆ ಹತ್ತುತ್ತದೆ. ಅದರ ಮೇಲೋ ಅದರ ಹಿಂದೆಯೋ ನೋವಿದ್ದರೆ, ಆ ಮಗ್ಗುಲಿಗೆ ಮಲಗಲಾರದೆ ರಾತ್ರಿ ಹೊರಳಬೇಕಾಗಿದ್ದರೆ, ಅದು ಬಹುಮಟ್ಟಿಗೆ ಚಪ್ಪೆಯ ಪಕ್ಕದ ಸ್ನಾಯುವಿನದು. ಪಿರ್ರೆಯ ಅಡಿಯಲ್ಲಿ, ಗಟ್ಟಿ ಹಲಗೆಯ ಮೇಲೆ ಕುಳಿತಾಗ ಒತ್ತುವ ಎಲುಬಿನ ಹತ್ತಿರ ನೋವಿದ್ದು ವೇಗದ ಓಟದಲ್ಲಿ ಹೆಚ್ಚಾದರೆ ಅದು ತೊಡೆಯ ಹಿಂದಿನ ಸ್ನಾಯುವಿನ ಬುಡ. ಮೊಣಕಾಲನ್ನು ಮೇಲೆತ್ತುವಾಗ, ಮೆಟ್ಟಿಲು ಹತ್ತುವಾಗ ಮುಂದುಗಡೆ ಹಿಡಿದುಕೊಂಡರೆ ಅದು ತೊಡೆಯನ್ನು ಎತ್ತುವ ಸ್ನಾಯು. ಬೆನ್ನಿನಿಂದ ಹೊರಟು ಕಾಲಿನುದ್ದಕ್ಕೂ ಜುಮ್ಮೆಂದು ಇಳಿಯುವ ನೋವು ನರದ್ದು. ಅದಕ್ಕೆ ನಿಜವಾಗಿಯೂ ಬೆನ್ನನ್ನೇ ನೋಡಬೇಕಾಗುತ್ತದೆ. ಇನ್ನು ತೊಡೆಸಂದಿನ ಆಳದಲ್ಲಿ, ಬೆರಳಿಗೆ ನಿಲುಕದ ಕಡೆ ನೋವಿದ್ದರೆ? ಅದು ಬೇರೆಯೇ ಮಾತು. ಅದನ್ನು ಮುಂದೆ ವಿಸ್ತಾರವಾಗಿ ಹೇಳುತ್ತೇವೆ, ಓದುಗರು ಅದನ್ನು ಬಿಟ್ಟು ಮುಂದೆ ಹೋಗಬಾರದು.

ಓಡುವವರನ್ನು ಹೆಚ್ಚಾಗಿ ಕಾಡುವುದು ಪಕ್ಕದ ಸ್ನಾಯು. ವೈದ್ಯರು ಇದನ್ನು ಗ್ಲೂಟಿಯಸ್ ಮೀಡಿಯಸ್ ಎನ್ನುತ್ತಾರೆ. ಅದರ ಕೆಳಗೆ ಮಿನಿಮಸ್ ಎಂಬ ತಮ್ಮನೂ ಇದ್ದಾನೆ. ಇವೆರಡೂ ಬೀಸಣಿಗೆಯಂತೆ ಹರಡಿ, ಕೆಳಗೆ ಒಟ್ಟುಗೂಡಿ, ನಾವು ಹೇಳಿದ ಎಲುಬಿನ ಉಬ್ಬಿಗೆ ಗಟ್ಟಿ ಹುರಿಯಂಥ ಸ್ನಾಯುರಜ್ಜುವಿನಿಂದ ಅಂಟಿಕೊಂಡಿವೆ. ಇವುಗಳ ಕೆಲಸ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಮನುಷ್ಯನು ಒಂದು ಕಾಲೆತ್ತಿದ ಕೂಡಲೇ ಎತ್ತಿದ ಬದಿಯ ಸೊಂಟ ಕೆಳಗೆ ಜೋಲಬೇಕು. ಹಾಗೆ ಜೋಲದಂತೆ ಊರಿದ ಕಾಲಿನ ಕಡೆಯಿಂದ ಈ ಸ್ನಾಯು ಹಿಡಿದು ನಿಲ್ಲಿಸುತ್ತದೆ. ಒಂದು ಬದಿಯಲ್ಲಿ ಮಾತ್ರ ಹಗ್ಗ ಕಟ್ಟಿ ಚಪ್ಪರವನ್ನು ಸಮನಾಗಿ ನಿಲ್ಲಿಸಿದಂತೆ. ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ಇದನ್ನು ವಿವರಿಸಿದನು: ರೋಗಿಯನ್ನು ಒಂಟಿ ಕಾಲಿನ ಮೇಲೆ ನಿಲ್ಲಿಸಿ ಹಿಂದಿನಿಂದ ನೋಡಿದರೆ, ಸ್ನಾಯು ಸೋತಿದ್ದಲ್ಲಿ ಎತ್ತಿದ ಬದಿಯ ಸೊಂಟ ಇಳಿಯುತ್ತದೆ. ಇಂದಿಗೂ ವೈದ್ಯರು ಈ ಪರೀಕ್ಷೆಯನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಕನ್ನಡಿ ಬೇಡ, ಯಂತ್ರ ಬೇಡ, ಮನೆಯ ಪಡಸಾಲೆಯಲ್ಲಿಯೇ ಮಾಡಿ ನೋಡಬಹುದು.

ಓಟವೆಂಬುದು ಒಂಟಿ ಕಾಲಿನ ಮೇಲೆ ನಿಲ್ಲುವುದರ ಪುನರಾವೃತ್ತಿಯಲ್ಲದೆ ಬೇರೇನೂ ಅಲ್ಲ. ಓಡುವಾಗ ಎರಡೂ ಕಾಲು ಒಟ್ಟಿಗೆ ನೆಲದ ಮೇಲಿರುವ ಕ್ಷಣವೇ ಇಲ್ಲ. 800 ಮೀಟರಿಗೆ ಹೆಚ್ಚುಕಡಿಮೆ 500 ಹೆಜ್ಜೆಗಳೆಂದರೆ ಒಂದೊಂದು ಚಪ್ಪೆಗೆ 250 ಸಲ ಮೈಭಾರ ಬೀಳುತ್ತದೆ. ಆ ಭಾರವೂ ತೂಕದ ತಕ್ಕಡಿ ತೋರಿಸುವಷ್ಟಲ್ಲ. ಬರ್ಲಿನಿನ ಸಂಶೋಧಕರು ಶಸ್ತ್ರಚಿಕಿತ್ಸೆಯಿಂದ ಕೂಡಿಸಿದ ಕೃತಕ ಕೀಲಿನೊಳಗೇ ಅಳತೆಯ ಉಪಕರಣವನ್ನಿಟ್ಟು ನೋಡಿದಾಗ, ನಡೆಯುವಾಗ ಚಪ್ಪೆಯ ಕೀಲಿನ ಮೇಲೆ ಮೈತೂಕದ ಎರಡೂವರೆ ಮೂರು ಪಟ್ಟು, ನಿಧಾನ ಓಟದಲ್ಲಿ ಐದು ಪಟ್ಟಿನ ಆಸುಪಾಸು ಒತ್ತಡ ಬೀಳುವುದು ಕಂಡುಬಂದಿತು. ಐವತ್ತು ಕಿಲೋ ತೂಕದ ಹುಡುಗಿಯ ಚಪ್ಪೆ ಪ್ರತಿ ಹೆಜ್ಜೆಗೆ ಎರಡೂವರೆ ಕ್ವಿಂಟಲಿನಷ್ಟು ಹೊತ್ತಂತಾಯಿತು. ನಿತ್ಯದ ಅಭ್ಯಾಸದಲ್ಲಿ ಈ ಲೆಕ್ಕ ಸಾವಿರಗಳಿಗೆ ಹೋಗುತ್ತದೆ. ಸ್ನಾಯು ಇದಕ್ಕೆ ಹೊಂದಿಕೊಳ್ಳಬಲ್ಲುದು, ಆದರೆ ಅದಕ್ಕೆ ಕಾಲಾವಕಾಶ ಬೇಕು. ಭರತಿಯ ಜಾಹೀರಾತು ಬಂದ ಮರುದಿನದಿಂದ ಓಟವನ್ನು ಎರಡು ಪಟ್ಟು ಮಾಡುವ ರೂಢಿ ನಮ್ಮಲ್ಲಿದೆ. ಹೆಚ್ಚಿನ ಚಪ್ಪೆನೋವುಗಳ ಹುಟ್ಟು ಇಲ್ಲಿಯೇ.

ಹಾಗಾದರೆ ಅದು ಬಿಡುವುದೇಕಿಲ್ಲ? ಸ್ನಾಯುವಿನ ಮಾಂಸಭಾಗ ಹರಿದರೆ ಕೆಲವು ವಾರಗಳಲ್ಲಿ ಕೂಡುತ್ತದೆ, ಅಲ್ಲಿ ರಕ್ತಸಂಚಾರ ಧಾರಾಳ. ಎಲುಬಿಗೆ ಅಂಟಿದ ಸ್ನಾಯುರಜ್ಜುವಿಗೆ ರಕ್ತ ಕಡಿಮೆ, ಅದರ ದುರಸ್ತಿ ತಿಂಗಳುಗಳ ಮಾತು. ಅಲ್ಲದೆ ಈ ರಜ್ಜುವಿನ ಮೇಲೆ ತೊಡೆಯ ಹೊರಮೈಯ ಅಗಲವಾದ ಪಟ್ಟಿಯೊಂದು ಹಾದುಹೋಗುತ್ತದೆ. ಕಾಲು ಒಳಮುಖವಾಗಿ ಸರಿದಾಗಲೆಲ್ಲ, ಸೊಂಟ ಒಂದು ಬದಿಗೆ ಜೋತಾಗಲೆಲ್ಲ ಆ ಪಟ್ಟಿ ರಜ್ಜುವನ್ನು ಎಲುಬಿಗೆ ಒತ್ತಿ ಅರೆಯುತ್ತದೆ. ಆದ್ದರಿಂದ ಓಟ ಬಿಟ್ಟು ಮನೆಯಲ್ಲಿ ಕುಳಿತ ಹುಡುಗಿಗೂ ವಿಶ್ರಾಂತಿ ಸಿಕ್ಕಿರುವುದಿಲ್ಲ. ಕಾಲ ಮೇಲೆ ಕಾಲು ಹಾಕಿ ಕೂಡುವುದು, ಕಾಲುಗಳನ್ನು ಒಂದೇ ಮಗ್ಗುಲಿಗೆ ಮಡಚಿ ರೊಟ್ಟಿ ಬಡಿಯುವುದು, ಒಂದೇ ಕಾಲಿಗೆ ಭಾರ ಕೊಟ್ಟು ಸೊಂಟ ಜೋಲುಬಿಟ್ಟು ಬಾಗಿಲಲ್ಲಿ ನಿಂತು ಹರಟುವುದು, ಇವೆಲ್ಲ ಆ ಅರೆತವನ್ನು ಮುಂದುವರಿಸುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ನೀರಿನ ಕೊಡ. ಕೊಡ ಕೂಡಬೇಕೆಂದರೆ ಸೊಂಟವನ್ನು ಒಂದು ಬದಿಗೆ ಹೊರದೂಡಲೇಬೇಕು. ಬೇಸಿಗೆಯಲ್ಲಿ ಟ್ಯಾಂಕರಿನ ಮುಂದೆ ಸಾಲುಗಟ್ಟಿ ದಿನಕ್ಕೆ ಹತ್ತು ಕೊಡ ತರುವ ಹುಡುಗಿಯ ಚಪ್ಪೆಗೆ ಡಾಕ್ಟರರು ಬರೆದುಕೊಟ್ಟ ವಿಶ್ರಾಂತಿ ಎಲ್ಲಿಂದ ಬರಬೇಕು! ಕೂಸನ್ನು ಸೊಂಟದ ಮೇಲೆ ಎತ್ತಿಕೊಳ್ಳುವ ಅಕ್ಕಂದಿರ ಕಥೆಯೂ ಇದೇ. ಕೊಡವನ್ನು ತಲೆಯ ಮೇಲೆ ಹೊರಲಿ, ಅಥವಾ ಕೆಲವು ತಿಂಗಳು ಅಣ್ಣತಮ್ಮಂದಿರು ತರಲಿ. ಇದರಲ್ಲಿ ನಾಚಿಕೆ ಪಡುವಂಥದೇನೂ ನಮಗೆ ಕಾಣುವುದಿಲ್ಲ.

ಬರಿಯ ವಿಶ್ರಾಂತಿ ಸಾಲದೆಂಬುದಕ್ಕೆ ಒಳ್ಳೆಯ ಸಾಕ್ಷಿಯಿದೆ. ಆಸ್ಟ್ರೇಲಿಯದಲ್ಲಿ ಚಪ್ಪೆಯ ಪಕ್ಕದ ರಜ್ಜುವಿನ ನೋವಿನಿಂದ ಮೂರು ತಿಂಗಳಿಗೂ ಹೆಚ್ಚು ಕಾಲ ಬಳಲಿದ್ದ 204 ಜನರನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದ ಫಲಿತಾಂಶ 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ತಿಳಿವಳಿಕೆ ಮತ್ತು ಕ್ರಮವಾದ ವ್ಯಾಯಾಮ, ಎರಡನೆಯದಕ್ಕೆ ಸ್ಟಿರಾಯಿಡ್ ಸೂಜಿಮದ್ದು, ಮೂರನೆಯದಕ್ಕೆ ಕಾದು ನೋಡುವುದು. ಎಂಟು ವಾರಗಳ ನಂತರ ತಮಗೆ ಚೆನ್ನಾಗಿ ಗುಣವಾಗಿದೆಯೆಂದವರು ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ 77, ಸೂಜಿಯ ಗುಂಪಿನಲ್ಲಿ 58, ಕಾದವರಲ್ಲಿ 29. ವರ್ಷ ಕಳೆದ ಮೇಲೆ ಆ ಅಂಕಿಗಳು 79, 58, 52. ಅಂದರೆ ಕಾಯ್ದವರೂ ಅರ್ಧದಷ್ಟು ಜನ ಗುಣವಾದರು, ಆದರೆ ವರ್ಷ ಬೇಕಾಯಿತು. ಇವರೆಲ್ಲ 35ರಿಂದ 70 ವಯಸ್ಸಿನವರು, ಇಪ್ಪತ್ತರ ಓಟಗಾರರಲ್ಲ; ಆದುದರಿಂದ ಅಂಕಿಗಳನ್ನು ಹಾಗೆಯೇ ನಮ್ಮ ಮಕ್ಕಳಿಗೆ ಹಚ್ಚಲಾಗದು. ದಾರಿ ಯಾವ ಕಡೆಗಿದೆ ಎಂಬುದನ್ನು ಮಾತ್ರ ಸ್ಪಷ್ಟವಾಗಿ ತೋರಿಸುತ್ತವೆ. ದುರಸ್ತಿಯಾಗಬೇಕಾದ ರಜ್ಜುವಿಗೆ ಭಾರ ಬೇಕು. ಅದು ಅಳೆದು ಕೊಟ್ಟ ಭಾರವಾಗಿರಬೇಕು, ದಿನದಿನಕ್ಕೆ ಸ್ವಲ್ಪವೇ ಏರಬೇಕು.

ಸೂಜಿಯ ಬಗ್ಗೆ ಒಂದು ಮಾತು. ಭರತಿಗೆ ಹದಿನೈದು ದಿನ ಉಳಿದಾಗ 'ಒಂದು ಇಂಜೆಕ್ಷನ್ ಕೊಟ್ಟುಬಿಡಿ' ಎಂದು ಕೇಳುವ ಪಾಲಕರನ್ನು ಕಂಡಿದ್ದೇವೆ. ಆ ಮದ್ದು ನೋವಿನ ದನಿಯನ್ನು ಅಡಗಿಸುತ್ತದೆ, ರಜ್ಜುವನ್ನು ಗಟ್ಟಿ ಮಾಡುವುದಿಲ್ಲ. ತಜ್ಞರು ಯೋಚಿಸಿ ಕೊಟ್ಟರೆ ಅದಕ್ಕೂ ಒಂದು ಸ್ಥಾನವಿದೆ. ಆದರೆ ನೋವು ಅಡಗಿಸಿ 800 ಮೀಟರು ಓಡಿಸುವುದು ಬೇರೆ, ವಾಸಿ ಮಾಡುವುದು ಬೇರೆ. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಪುಡಿ, ಗುಳಿಗೆಗಳ ಹತ್ತಿರವಂತೂ ಹೋಗಲೇಬಾರದು.

ಎಲುಬಿನ ಎಚ್ಚರಿಕೆ

ಈಗ ತೊಡೆಸಂದಿನ ಆಳದ ನೋವಿನ ಮಾತು. ತೊಡೆಯೆಲುಬಿನ ಮೇಲ್ತುದಿಯಲ್ಲಿ ಗುಂಡನೆಯ ತಲೆ, ಅದರ ಕೆಳಗೆ ಓರೆಯಾದ ಕುತ್ತಿಗೆ ಇದೆ. ಅತಿಯಾದ ಓಟದಿಂದ ಈ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟಬಹುದು. ಪೆಟ್ಟು ಬಿದ್ದಿರುವುದಿಲ್ಲ, ಬಿದ್ದ ನೆನಪಿರುವುದಿಲ್ಲ. ಕಬ್ಬಿಣದ ತಂತಿಯನ್ನು ಮತ್ತೆ ಮತ್ತೆ ಬಾಗಿಸಿದಾಗ ಆಗುವಂಥ ದಣಿವಿನ ಬಿರುಕು ಇದು. ಸೈನ್ಯದ ಹೊಸ ಭರತಿಯವರಲ್ಲಿ, ದೂರದ ಓಟಗಾರರಲ್ಲಿ ಇದನ್ನು ಬಹುಕಾಲದಿಂದ ಗುರುತಿಸಿದ್ದಾರೆ. ಇದನ್ನು ಸ್ನಾಯುನೋವೆಂದು ತಿಳಿದು ಓಡುತ್ತ ಹೋದರೆ ಒಂದು ದಿನ ಕುತ್ತಿಗೆ ಮುರಿದು ಸರಿಯುತ್ತದೆ. ಆ ತಲೆಗೆ ರಕ್ತ ಒಯ್ಯುವ ನಾಳಗಳು ಅದೇ ಕುತ್ತಿಗೆಯ ಮೇಲಿನಿಂದ ಹೋಗುವುದರಿಂದ, ಅವು ಹರಿದರೆ ತಲೆಯ ಎಲುಬು ಸತ್ತುಹೋಗಬಹುದು. ಇಪ್ಪತ್ತರ ವಯಸ್ಸಿನಲ್ಲಿ ಕೃತಕ ಕೀಲು ಹಾಕಿಸಿಕೊಳ್ಳುವ ಪ್ರಸಂಗ ಬರುತ್ತದೆ. ನೌಕರಿಯ ಮಾತಿರಲಿ, ನೆಟ್ಟಗೆ ನಡೆಯುವುದೇ ಕಷ್ಟವಾದೀತು.

ಇದರ ಗುರುತುಗಳು ಇಂತಿವೆ. ನೋವು ತೊಡೆಸಂದಿನಲ್ಲಿ, ಆಳದಲ್ಲಿ. ಕೆಲವೊಮ್ಮೆ ಮೊಣಕಾಲಿನವರೆಗೆ ಬರುತ್ತದೆ. ಮೊದಲು ಓಟದ ಕೊನೆಯಲ್ಲಿ ಮಾತ್ರ, ಆಮೇಲೆ ಓಟದ ಮೊದಲಿನಿಂದ, ಆಮೇಲೆ ನಡೆಯುವಾಗಲೂ, ಕೊನೆಗೆ ರಾತ್ರಿ ಮಲಗಿದಾಗಲೂ. ಆ ಕಾಲಿನ ಮೇಲೆ ಕುಪ್ಪಳಿಸಲು ಹೋದರೆ ಜೀವ ಹೋದಂತಾಗುತ್ತದೆ. ಸಂಶಯವಿದ್ದಾಗ ಪರೀಕ್ಷೆಗೆಂದು ಕುಪ್ಪಳಿಸಿ ನೋಡಬಾರದು. ಇಂಥ ಮಗುವಿನ ಓಟವನ್ನು ಅದೇ ದಿನ ನಿಲ್ಲಿಸಿ, ಕಾಲಿನ ಮೇಲೆ ಭಾರ ಬಿಡದೆ, ಎಲುಬಿನ ತಜ್ಞರಲ್ಲಿಗೆ ಒಯ್ಯಬೇಕು. ಸಾದಾ ಎಕ್ಸ್‌ರೇಯಲ್ಲಿ ಮೊದಲ ಕೆಲವು ವಾರ ಈ ಬಿರುಕು ಕಾಣದೆಯೂ ಇರಬಹುದು. 'ಎಕ್ಸ್‌ರೇ ಸ್ವಚ್ಛವಿದೆ' ಎಂಬುದು ಇಲ್ಲಿ ಸಮಾಧಾನದ ಮಾತಲ್ಲ, ಎಂಆರ್‌ಐ ಪರೀಕ್ಷೆಯಲ್ಲಿ ಅದು ಬೇಗ ತಿಳಿಯುತ್ತದೆ. ಆ ಪರೀಕ್ಷೆಗಾಗಿ ನಾವು ಲಾತೂರಿಗೋ ಸೋಲಾಪುರಕ್ಕೋ ಕಲಬುರಗಿಗೋ ಹೋಗಬೇಕಾಗುವುದು ನಿಜ. ಖರ್ಚಿನ ಬಾಬತ್ತೂ ನಿಜ. ಎಲ್ಲ ಚಪ್ಪೆನೋವಿಗೂ ಅದು ಬೇಕಿಲ್ಲ. ಮೇಲಿನ ಗುರುತುಗಳಿದ್ದಲ್ಲಿ ಮಾತ್ರ ಖರ್ಚಿಗೆ ಹಿಂದೆಗೆಯಬಾರದು. ಜ್ವರ, ತೂಕ ಇಳಿಯುವುದು, ರಾತ್ರಿ ಹೆಚ್ಚುವ ನೋವು, ಕುಂಟು ನಡಿಗೆ ಒಟ್ಟಿಗಿದ್ದರೆ ಕೀಲಿನ ಕ್ಷಯವನ್ನೂ ಡಾಕ್ಟರರು ನೆನೆಯುತ್ತಾರೆ, ನಮ್ಮ ದೇಶದಲ್ಲಿ ಅದು ಇನ್ನೂ ಹೋಗಿಲ್ಲ.

ಹೆಣ್ಣುಮಕ್ಕಳ ತಾಯಂದಿರಿಗೆ ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಓಡುವ ಹುಡುಗಿಯ ತಿಂಗಳ ಮುಟ್ಟು ಮೂರು ತಿಂಗಳಿನಿಂದ ನಿಂತಿದ್ದರೆ, ಅದನ್ನು 'ಓಟದಿಂದ ಹಾಗಾಗುತ್ತದೆ' ಎಂದು ಬಿಡಬಾರದು. ಉಣ್ಣುವುದಕ್ಕಿಂತ ಹೆಚ್ಚು ದುಡಿದ ದೇಹ ತನ್ನ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ. ಮುಟ್ಟು ನಿಲ್ಲುವುದು ಅದರ ಹೊರಗುರುತು, ಎಲುಬು ಬಡವಾಗುವುದು ಒಳಗಿನದು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ಪ್ರತ್ಯೇಕ ಹೆಸರನ್ನೇ ಕೊಟ್ಟು, ಗಂಡು ಓಟಗಾರರಲ್ಲಿಯೂ ಅದು ಉಂಟೆಂದು ಎಚ್ಚರಿಸಿತು. ನಮ್ಮ ಮನೆಗಳಲ್ಲಿ ಎಲ್ಲರ ಊಟವಾದ ಮೇಲೆ ಹೆಣ್ಣುಮಕ್ಕಳು ಉಣ್ಣುವ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಬೆಳಗ್ಗೆ ಐದು ಕಿಲೋಮೀಟರು ಓಡಿ ಬಂದ ಹುಡುಗಿ ಹನ್ನೊಂದರವರೆಗೆ ಬರಿಯ ಚಹದ ಮೇಲಿದ್ದರೆ ಯಾವ ವ್ಯಾಯಾಮವೂ ಫಲಿಸದು. ಇದಕ್ಕಾಗಿ ಡಬ್ಬಿಯ ಪುಡಿಗಳನ್ನು ಕೊಳ್ಳಬೇಕಾಗಿಲ್ಲ. ಓಟದಿಂದ ಬಂದ ಕೂಡಲೆ ಜೋಳದ ರೊಟ್ಟಿ, ಬೇಳೆ, ಶೇಂಗಾದ ಹಿಂಡಿ, ಮೊಸರು, ಒಲ್ಲೆನ್ನದವರಿಗೆ ತತ್ತಿ. ಇವು ನಮ್ಮ ಹೊಲ ಹಟ್ಟಿಗಳಲ್ಲಿಯೇ ಇವೆ. ರಕ್ತ ಕಡಿಮೆಯಿದ್ದರೆ ಅದನ್ನೂ ಪರೀಕ್ಷಿಸಿ ಕಬ್ಬಿಣಾಂಶದ ಗುಳಿಗೆ ಕೊಡಿಸುವುದು ಒಳ್ಳೆಯದು.

ಮನೆಯಂಗಳದ ಅಭ್ಯಾಸ

ಎಲುಬಿನದಲ್ಲ, ಸ್ನಾಯುವಿನದೇ ಎಂದು ವೈದ್ಯರಿಂದ ಖಚಿತವಾದ ಮೇಲೆ ಕೆಲಸ ಮೊದಲಾಗುತ್ತದೆ. ಸಾಧ್ಯವಿದ್ದಲ್ಲಿ ಒಂದೆರಡು ಸಲವಾದರೂ ಫಿಜಿಯೋಥೆರಪಿಸ್ಟರಿಂದ ಕಣ್ಣೆದುರು ಕಲಿತುಕೊಳ್ಳಬೇಕು. 1993ರ ಸೆಪ್ಟೆಂಬರ್ 30ರ ಭೂಕಂಪದ ತರುವಾಯ ಸಾಸ್ತೂರಿನಲ್ಲಿ ನೆಲೆಯೂರಿದ ಸ್ಪರ್ಶ ಗ್ರಾಮೀಣ ರುಗ್ಣಾಲಯವನ್ನು ಸುತ್ತಿನ ಹಳ್ಳಿಗಳೆಲ್ಲ ಬಲ್ಲವು. ಮೊದಲ ಸಲಹೆಗೆ ಹತ್ತಿರದ ಇಂಥ ದವಾಖಾನೆಯೇ ಸರಿ. ಆಮೇಲಿನದು ಮೂರು ನಾಲ್ಕು ತಿಂಗಳ ಮನೆಯ ಪಾಠ.

ನಮ್ಮ ಹುಡುಗಿಗೆ ಮೊದಲ ಎರಡು ವಾರ ಕೊಟ್ಟದ್ದು ಕೆಲಸವೇ ಅಲ್ಲವೆನಿಸುವಂಥ ಕೆಲಸ. ಬೆನ್ನ ಮೇಲೆ ಮಲಗಿ, ಮೊಣಕಾಲು ಮಡಚಿ, ಮೊಣಕಾಲುಗಳ ಸುತ್ತ ಹಳೆಯ ಸೀರೆಯ ಅಂಚನ್ನು ಕಟ್ಟಿ, ಅದನ್ನು ಹೊರಗೆ ದೂಡುವಂತೆ ಮೆಲ್ಲಗೆ ಒತ್ತಿ ಮೂವತ್ತು ಎಣಿಸುವವರೆಗೆ ಹಿಡಿಯುವುದು. ಕಾಲು ಅಲ್ಲಾಡುವುದಿಲ್ಲ, ಸ್ನಾಯು ಮಾತ್ರ ಬಿಗಿಯುತ್ತದೆ. ಅದೇ ಭಂಗಿಯಲ್ಲಿ ಸೊಂಟವನ್ನು ನೆಲದಿಂದ ಎತ್ತಿ ಸೇತುವೆಯಂತೆ ನಿಲ್ಲಿಸುವುದು ಮುಂದಿನದು. ಅದು ಹಗುರವಾದ ಮೇಲೆ ಒಂದೇ ಕಾಲಿನ ಮೇಲೆ. ರಾತ್ರಿ ಮಲಗುವಾಗ ಎರಡೂ ಮೊಣಕಾಲುಗಳ ನಡುವೆ ದಿಂಬು. ಪಿರ್ರೆಯನ್ನು ಜಗ್ಗುವ ಆಸನಗಳು, ಕಾಲನ್ನು ಎದೆಯ ಮೇಲೆ ಅಡ್ಡ ಎಳೆದುಕೊಳ್ಳುವುದು, ಇವು ಹಿತವೆನಿಸಿದರೂ ಅದೇ ರಜ್ಜುವನ್ನು ಎಲುಬಿಗೆ ಒತ್ತುವುದರಿಂದ ಬಿಡಿಸಿದರು. ಎಣ್ಣೆ ತಿಕ್ಕಲು ಅಡ್ಡಿಯಿಲ್ಲ, ಬೆಚ್ಚಗಾಗಿ ಹಾಯೆನಿಸುತ್ತದೆ. ಆದರೆ ಎಲುಬಿನ ಉಬ್ಬಿನ ಮೇಲೆ ಹೆಬ್ಬೆರಳೂರಿ ಜಜ್ಜುವುದು, ಕಾಲು ಹಿಡಿದು ಜಾಡಿಸಿ 'ಕೂಡಿಸುವುದು' ಬೇಡ. ಅಲ್ಲಿ ಏನೂ ಕಳಚಿರುವುದಿಲ್ಲ, ಕೂಡಿಸುವುದೇನು?

ಮೂರನೆಯ ವಾರದಿಂದ ನಿಂತು ಮಾಡುವ ಕೆಲಸ. ಸೈಕಲ್ಲಿನ ಹಳೆಯ ಟ್ಯೂಬನ್ನು ಕಣಕಾಲುಗಳ ಸುತ್ತ ಬಳೆಯಂತೆ ಕಟ್ಟಿ ಏಡಿಯ ಹಾಗೆ ಅಡ್ಡಡ್ಡ ನಡೆಯುವುದು. ಗೋಡೆ ಹಿಡಿದು ಕುರ್ಚಿಗೆ ಕುಳಿತು ಏಳುವುದು, ಬಳಿಕ ಒಂಟಿ ಕಾಲಿನಿಂದ. ಆರನೆಯ ವಾರದ ಹೊತ್ತಿಗೆ ಬೆನ್ನಿಗೆ ಚೀಲ ಕಟ್ಟಿ ಅದರಲ್ಲಿ ಐದು ಕಿಲೋ ಜೋಳ ಹಾಕಿ ಮೆಟ್ಟಿಲು ಹತ್ತುವುದು. ಎರಡು ವಾರಕ್ಕೆ ಒಂದೆರಡು ಕಿಲೋ ಏರಿಕೆ. ಕೊನೆಗೆ ಪಾವಟಿಗೆಯ ಅಂಚಿಗೆ ಒಂದು ಕಾಲೂರಿ ಇನ್ನೊಂದನ್ನು ಗಾಳಿಯಲ್ಲಿ ಬಿಟ್ಟು, ಆ ಬದಿಯ ಸೊಂಟವನ್ನು ಇಳಿಸಿ ಮತ್ತೆ ಎತ್ತುವುದು. ಇದು ಟ್ರೆಂಡೆಲೆನ್‌ಬರ್ಗನ ಪರೀಕ್ಷೆಯನ್ನೇ ವ್ಯಾಯಾಮವಾಗಿ ತಿರುಗಿಸಿದಂತೆ. ಭಾರದ ಕೆಲಸಗಳನ್ನು ವಾರಕ್ಕೆ ಮೂರೇ ದಿನ ಮಾಡಿಸಿದರು, ನಡುವೆ ಒಂದೊಂದು ದಿನ ಬಿಡುವು. ಮೈದಣಿಯಬೇಕೆಂದು ಚಡಪಡಿಸುವ ಉಳಿದ ದಿನಗಳಲ್ಲಿ ಸೈಕಲ್ಲು, ನೀರಿದ್ದ ಕಾಲಕ್ಕೆ ಬಾವಿಯ ಈಜು. ಉಸಿರಿನ ಶಕ್ತಿ ಇಳಿಯದಂತೆ ಇವು ಕಾಯುತ್ತವೆ.

ನೋವು ಎಷ್ಟಾದರೆ ನಿಲ್ಲಿಸಬೇಕು? ಈ ಪ್ರಶ್ನೆಗೆ ಉತ್ತರ ಸಿಗದುದರಿಂದಲೇ ಬಹಳ ಜನ ಅತ್ತ ಪೂರಾ ಮಲಗುತ್ತಾರೆ, ಇಲ್ಲವೆ ಹಲ್ಲುಕಚ್ಚಿ ಓಡುತ್ತಾರೆ. ನಮ್ಮ ಮನೆಯ ಅಜ್ಜಿಗೆ ಹತ್ತರ ಲೆಕ್ಕ ಹಿಡಿಸಲಿಲ್ಲ, ಆಣೆಯ ಲೆಕ್ಕದಲ್ಲಿ ಹೇಳಬೇಕಾಯಿತು. ತಾಳಲಾರದ ನೋವು ಹದಿನಾರಾಣೆಯೆಂದರೆ, ಅಭ್ಯಾಸದ ಹೊತ್ತಿಗೆ ನಾಲ್ಕಾಣೆಯಷ್ಟು ನೋವು ಇರಲಿ, ಹೆದರಬೇಕಿಲ್ಲ. ಎಂಟಾಣೆಗೆ ಏರಿದರೆ ಆ ದಿನ ಸಾಕು. ಇದಕ್ಕಿಂತ ಮುಖ್ಯವಾದುದು ಮರುದಿನ ಬೆಳಗಿನ ಲೆಕ್ಕ. ಹಾಸಿಗೆಯಿಂದೆದ್ದು ಇಟ್ಟ ಮೊದಲ ಹೆಜ್ಜೆಗಳಲ್ಲಿ ನೋವು ನಿನ್ನೆ ಬೆಳಗಿನಷ್ಟೇ ಇದ್ದರೆ ನಿನ್ನೆಯ ಭಾರ ಸರಿಯಾಗಿತ್ತು. ಹೆಚ್ಚಿದ್ದರೆ ಅತಿಯಾಯಿತು, ಒಂದು ಮೆಟ್ಟಿಲು ಇಳಿಯಬೇಕು. ಅಜ್ಜಿಯೇ ದಿನಾಲೂ ಚಹದ ಹೊತ್ತಿಗೆ 'ಇವತ್ತು ಎಷ್ಟಾಣೆ?' ಎಂದು ಕೇಳಿ ಪಂಚಾಂಗದ ಅಂಚಿನಲ್ಲಿ ಬರೆಸುತ್ತಿದ್ದಳು. ನಾಲ್ಕು ತಿಂಗಳ ಆ ಪಂಚಾಂಗ ನೋಡಿದರೆ ನೋವು ಮೆಟ್ಟಿಲಿಳಿದಂತೆ ಇಳಿದಿಲ್ಲ; ಆರು, ನಾಲ್ಕು, ಐದು, ಮೂರು, ಮತ್ತೆ ಆರು, ಎರಡು. ದಿನವನ್ನು ದಿನಕ್ಕೆ ಹೋಲಿಸಿದರೆ ಎದೆ ಒಡೆಯುತ್ತದೆ, ತಿಂಗಳನ್ನು ತಿಂಗಳಿಗೆ ಹೋಲಿಸಿದರೆ ಮಾತ್ರ ಇಳಿತ ಕಾಣುತ್ತದೆ. ಆ ವರ್ಷದ ಭರತಿ ಅಷ್ಟರಲ್ಲಿ ಬಂದು ಹೋಯಿತು. ಮನೆಯಲ್ಲಿ ಮಾತುಗಳಾದವು, ಅವಳೂ ಅತ್ತಳು. ವಯೋಮಿತಿಗೆ ಇನ್ನೂ ವರ್ಷಗಳಿದ್ದುದು ಒಂದು ಪುಣ್ಯ.

ಮತ್ತೆ ಓಟಕ್ಕೆ

ಅರ್ಧ ಗಂಟೆ ಬಿರುಸಾಗಿ ನಡೆದು ಮರುದಿನ ನೋವು ಹೆಚ್ಚದಿದ್ದರೆ, ಒಂಟಿ ಕಾಲಿನ ಮೇಲೆ ಅರ್ಧ ನಿಮಿಷ ಸೊಂಟ ಜೋಲದೆ ನಿಲ್ಲಲು ಬಂದರೆ, ಹತ್ತು ಸಲ ಹಗುರಾಗಿ ಕುಪ್ಪಳಿಸಿದರೂ ಚಪ್ಪೆ ಮುನಿಯದಿದ್ದರೆ ಓಟಕ್ಕೆ ಮುಹೂರ್ತ ಬಂದಂತೆ. ಆ ಮೊದಲ ಓಟ ಯಾರಿಗೂ ಓಟವೆನಿಸುವುದಿಲ್ಲ: ಒಂದು ನಿಮಿಷ ಓಡು, ಎರಡು ನಿಮಿಷ ನಡೆ, ಹೀಗೆ ಎಂಟು ಸಲ. ದಿನ ಬಿಟ್ಟು ದಿನ. ಹಿಂದೆ ತನಗಿಂತ ಹಿಂದಿದ್ದವರು ದಾಟಿ ಮುಂದೆ ಹೋಗುವುದನ್ನು ನೋಡುವುದೇ ಈ ವಾರಗಳ ನಿಜವಾದ ಕಷ್ಟ. ಮೊದಲು ಓಟದ ನಿಮಿಷಗಳು ಹೆಚ್ಚಲಿ, ನಡಿಗೆಯ ನಿಮಿಷಗಳು ಕುಗ್ಗಲಿ; ಇಪ್ಪತ್ತು ನಿಮಿಷ ನಿಲ್ಲದೆ ಓಡಲು ಬಂದ ಮೇಲೆ ದೂರ; ದೂರ ಕೂಡಿದ ಮೇಲೆ ವೇಗ. 100 ಮೀಟರಿನ ನಾಗಾಲೋಟ ಎಲ್ಲಕ್ಕೂ ಕೊನೆಗೆ, ಏಕೆಂದರೆ ಚಪ್ಪೆಯ ಮೇಲೆ ಅತಿ ಹೆಚ್ಚು ಎಳೆತ ಅದರಲ್ಲಿಯೇ. ಗುಂಡು ಎಸೆತ ಕೈಯ ಕೆಲಸವೆಂದು ಮೊದಲೇ ಪ್ರಾರಂಭಿಸುವವರಿದ್ದಾರೆ. ಗುಂಡು ಹಾರುವುದು ಹಿಂಗಾಲಿನ ಚಪ್ಪೆಯ ಒದೆತದಿಂದ, ಅದನ್ನೂ ತಡಮಾಡಬೇಕು. ಓಡುವಾಗ ಹೆಜ್ಜೆ ಸ್ವಲ್ಪ ಚಿಕ್ಕದಾಗಿ, ಸ್ವಲ್ಪ ಚುರುಕಾಗಿ ಬಿದ್ದರೆ ಚಪ್ಪೆಯ ಹೊರೆ ಇಳಿಯುತ್ತದೆ. ಪಾದಗಳು ಒಂದೇ ಗೆರೆಯ ಮೇಲೆ ದಾಟಿ ಬೀಳದಂತೆ ನಡುವೆ ಗೇಣು ಜಾಗವಿರಲಿ.

ನಮ್ಮ ಹುಡುಗಿ ಹದಿನೆಂಟನೆಯ ವಾರದಲ್ಲಿ 800 ಮೀಟರನ್ನು ನಿಲ್ಲದೆ ಓಡಿದಳು. ಹಳೆಯ ವೇಗ ಬರಲು ಇನ್ನೆರಡು ತಿಂಗಳು ಹಿಡಿದವು. ವಾರಕ್ಕೆರಡು ದಿನದ ಚೀಲದ ಕೆಲಸವನ್ನು ಅವಳು ಈಗಲೂ ಬಿಟ್ಟಿಲ್ಲ.

ಗಡಿನಾಡಿನ ಓಟದ ಪರಂಪರೆ ಸಣ್ಣದೇನಲ್ಲ. ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆಯವರು 1920ರ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಓಡಿ 2 ಗಂಟೆ 50 ನಿಮಿಷಗಳ ಆಸುಪಾಸಿನಲ್ಲಿ 19ನೆಯವರಾಗಿ ಮುಗಿಸಿದರು. ನಮ್ಮ ಮರಾಠವಾಡೆಯವರೇ ಆದ, ಬೀಡ ಜಿಲ್ಲೆಯ ಮಾಂಡವಾ ಗ್ರಾಮದ ಅವಿನಾಶ ಸಾಬಳೆಯವರು ಸೈನ್ಯಕ್ಕೆ ಸೇರಿದ ಮೇಲೆ ಓಟಕ್ಕೆ ಬಂದವರು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 3000 ಮೀಟರು ಸ್ಟೀಪಲ್‌ಚೇಸಿನಲ್ಲಿ 8 ನಿಮಿಷ 11.20 ಸೆಕೆಂಡಿಗೆ ಬೆಳ್ಳಿ ಗೆದ್ದರು. ಅವರೂ 2025ರ ಜುಲೈಯಲ್ಲಿ ಮೊನಾಕೊದ ಸ್ಪರ್ಧೆಯಲ್ಲಿ ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಅಂಥವರ ಸುತ್ತ ವೈದ್ಯರು, ತರಬೇತುದಾರರು ಇರುತ್ತಾರೆ. ನಮ್ಮ ಹಳ್ಳಿಯ ಮಗುವಿನ ಸುತ್ತ ಇರುವವರು ನಾವೇ.

ಇನ್ನು ನೆಲದ ವಿಚಾರ. ನಮ್ಮ ಡಾಂಬರು ರಸ್ತೆಗಳು ನೀರು ಹರಿದುಹೋಗಲೆಂದು ನಡುವೆ ಉಬ್ಬಿ ಅಂಚಿಗೆ ಇಳಿದಿರುತ್ತವೆ. ವಾಹನಗಳಿಗೆ ಅಂಜಿ ದಿನಾಲೂ ಒಂದೇ ಅಂಚಿನಲ್ಲಿ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿ, ಇನ್ನೊಂದು ಸದಾ ದಿಬ್ಬದಲ್ಲಿ; ದಿಬ್ಬದ ಕಡೆಯ ಚಪ್ಪೆ ಇಡೀ ಓಟ ಹೊರಗೆ ಜೋತಿರುತ್ತದೆ. ಹೋಗುವಾಗಿನ ಅಂಚಿನಲ್ಲಿಯೇ ಮರಳಿ ಬಂದರೆ ಈ ಓರೆ ಅದಲುಬದಲಾಗುತ್ತದೆ. ಆದರೆ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲು ಹತ್ತಿದಾಗ ಕತ್ತಲಲ್ಲಿ ಬೆನ್ನಹಿಂದೆ ವಾಹನ ಬಿಟ್ಟುಕೊಂಡು ಓಡುವುದು ಚಪ್ಪೆನೋವಿಗಿಂತ ದೊಡ್ಡ ಅಪಾಯ, ಆಗ ಶಾಲೆಯ ಬಯಲೇ ಲೇಸು. ಬಯಲಲ್ಲಿ ಸುತ್ತು ಹಾಕುವವರು ಒಂದು ದಿನ ಎಡಸುತ್ತು, ಒಂದು ದಿನ ಬಲಸುತ್ತು ಓಡಲಿ. ಮೃಗಶಿರದ ಮಳೆ ಬಿದ್ದ ಮೇಲೆ ಎರೆಯ ಹೊಲದ ದಾರಿಗಳಲ್ಲಿ ಓಡುವುದು ಬೇಡ. ಮಣ್ಣು ಬೂಟಿಗೆ ಅಂಟಿ ಒಂದೊಂದು ಕಾಲು ಸೇರಿನಷ್ಟು ಭಾರವಾಗುತ್ತದೆ, ಹೆಜ್ಜೆ ಪಕ್ಕಕ್ಕೆ ಜಾರುತ್ತದೆ. ಮಸಾರಿ ನೆಲವಿದ್ದಲ್ಲಿ ಓಡಬಹುದು, ಇಲ್ಲವಾದರೆ ಮಳೆ ಹೊರಪಾಗುವವರೆಗೆ ಜೋಳದ ಚೀಲ, ಪಾವಟಿಗೆಗಳೇ ಗತಿ.